ಕೊನೆಯ ಪುಟದಿಂದ ಬರೆದ ಪರೀಕ್ಷೆ

ಪ್ರೀತಿಯ ಅಕ್ಕನಿಗೆ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಬೆಳಿಗ್ಗೆ ಅರೇಬಿಕ್-ಪರ್ಷಿಯನ್ ಪರೀಕ್ಷೆ, ಮಧ್ಯಾಹ್ನ ಬಿಸಿನೆಸ್ ಮ್ಯಾನೇಜ್‌ಮೆಂಟ್. ಆ ಭಾಷೆಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಾರಲ್ಲ, ಹಾಗಾಗಿ ಉತ್ತರಪತ್ರಿಕೆಯನ್ನು ಕೊನೆಯ ಪುಟದಿಂದ ಶುರು ಮಾಡಬೇಕು. ಅದೇ ಗುಂಗಿನಲ್ಲಿ ಮಧ್ಯಾಹ್ನದ್ದನ್ನೂ ಹಿಂದಿನಿಂದಲೇ ಬರೆದುಬಿಟ್ಟೆ! ಮೊದಲ ಹತ್ತು ಪುಟ ಖಾಲಿ. ಪತ್ರಿಕೆ ತೆಗೆದುಕೊಳ್ಳಲು ಬಂದ ಮೇಡಂ ಹೌಹಾರಿದರು.

"ಏನಮ್ಮಾ ಇದು? ತಿದ್ದೋರು ಖಾಲಿ ಪುಟ ನೋಡಿ ಸೊನ್ನೆ ಸುತ್ತಿಬಿಟ್ರೆ?"

"ಮುಂದೆ 'ಹಿಂದಿನಿಂದ ಓದಿ' ಅಂತ ಬರೆದುಬಿಡ್ಲಾ ಮೇಡಂ?" ಎಂದು ಗೋಗರೆದೆ.

"ಗಂಟೆ ಹೊಡೆದ್ಮೇಲೆ ಒಂದಕ್ಷರಾನೂ ಬರೆಯೋ ಹಾಗಿಲ್ಲ" ಎಂದು ಕಿತ್ತುಕೊಂಡೇ ಹೋದರು.

ಹೋದ ವಾರ ಬಂದಿದ್ದ ಜ್ವರ ಬಿಟ್ಟಿದೆ, ಆದರೆ ನಿನ್ನೆಯಿಂದ ಊಟ ಸೇರುತ್ತಿಲ್ಲ. ಫಲಿತಾಂಶಕ್ಕೆ ಇನ್ನೂ ಒಂದು ತಿಂಗಳಿದೆ. ಫೇಲಾದರೆ ಇಡೀ ವರ್ಷ ಮಣ್ಣುಪಾಲು. ಎರಡು ಕೋರ್ಸು ಒಟ್ಟಿಗೆ ಕಟ್ಟಿ ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಅಪ್ಪ ಅಂದೇ ಬಡಕೊಂಡಿದ್ದರು. ಅವರಿಗೆ ಮಾತ್ರ ಹೇಳಬೇಡ ಕಣೇ.

ಅಯ್ಯೋ, ಇದು ಯಾರು ಬೇಕಾದರೂ ಓದಬಹುದಾದ ಅಂಚೆ ಕಾರ್ಡು! ಅಂಚೆಯವರು ಅಪ್ಪನ ಕೈಗೇ ಕೊಡುತ್ತಾರೆ. ಹರಿದು ಹಾಕಿ ಬೇರೆ ಬರೆಯೋಣವೆಂದರೆ ಇದ್ದದ್ದು ಇದೊಂದೇ.

ಅಪ್ಪಾ, ಇಲ್ಲಿಯವರೆಗೆ ಓದಿಯಾಗಿದ್ದರೆ, ಬೈಯದೆ ಅಕ್ಕನಿಗೆ ಕೊಟ್ಟುಬಿಡಿ.

ನಿಮ್ಮ ಚಿಕ್ಕವಳು