ಚಂದ್ರನಲ್ಲಿ ಊಟ ಯಾವಾಗ?

ಬೆಂಗಳೂರು, 23-1-1984

ಪೂಜ್ಯ ಅತ್ತೆಯವರಿಗೆ ಸೊಸೆ ಜಿನಮತಿಯ ನಮಸ್ಕಾರಗಳು.

ವಿಜ್ಞಾನ ಕತೆಗಳ ಅಭಿಮಾನಿಗಳ ಸಮ್ಮೇಳನ ನಿನ್ನೆ ಮುಗಿಯಿತು. ಬಾಗಿಲಲ್ಲೇ ಒಬ್ಬರು ಮೈತುಂಬ ಬೇಗಡೆ ಸುತ್ತಿ, ತಲೆಗೆ ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡು ಗಗನಯಾತ್ರಿಯಾಗಿ ನಿಂತಿದ್ದರು. ಅವರನ್ನು ಕಂಡಾಗಿನಿಂದ ಪಾಪು ನಿದ್ದೆಯಲ್ಲಿ ಬೆಚ್ಚುತ್ತಾನೆ. ನನಗೂ ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಅವನಿಗೆ ಜ್ವರವೇನೂ ಇಲ್ಲ, ಹಾಲು ಕುಡಿಯುತ್ತಾನೆ.

ನೀವು ಒಲೆಯ ಮುಂದೆ ಕೇಳಿದ್ದನ್ನು ನಿಮ್ಮ ಮಗ ಸಭೆಯಲ್ಲಿ ಎದ್ದು ನಿಂತು ಕೇಳಿದರು: "ಚಂದ್ರನ ಒಂದು ರಾತ್ರಿ ಅಂದ್ರೆ ನಮ್ಮ ಹದಿನಾಲ್ಕು ದಿನವಂತೆ. ಹೊತ್ತು ಮುಳುಗಿದ ಮೇಲೆ ಉಣ್ಣದ ನಮ್ಮಮ್ಮ ಅಲ್ಲಿಗೆ ಹೋದ್ರೆ ಊಟ ಯಾವಾಗ?"

ಎಲ್ಲರೂ ನಕ್ಕರು, ಆಮೇಲೆ ಲೆಕ್ಕ ಹಾಕತೊಡಗಿದರು. ಅಧ್ಯಕ್ಷರು, "ನಮಗ್ಯಾರಿಗೂ ಇದು ಹೊಳೀಲಿಲ್ವಲ್ಲ! ಎಲ್ರೀ ಆ ತಾಯಿ? ಮುಂದೆ ಕರ್ಕೊಂಡು ಬನ್ನಿ" ಎಂದರು. ಯಾರೋ ಎದ್ದು ಮೊದಲ ಸಾಲಿನ ಕುರ್ಚಿಯನ್ನೂ ಬಿಟ್ಟುಕೊಟ್ಟರು.

ಸೀರೆ ಮಡಿಸಿಟ್ಟುಕೊಂಡು ಹೊರಟಿದ್ದ ನಿಮ್ಮನ್ನು, "ಅದೆಲ್ಲ ನಿಮಗೆ ಅರ್ಥವಾಗಲ್ಲ ಅತ್ತೆ" ಎಂದು ಹಳೇಬೀಡಿನಲ್ಲೇ ಬಿಟ್ಟು ಬಂದವಳು ನಾನು. ಆ ಖಾಲಿ ಕುರ್ಚಿಯನ್ನು ನೋಡಲಾಗಲಿಲ್ಲ.

ಶುಕ್ರವಾರ ಅರಸೀಕೆರೆಗೆ ರೈಲಿನಲ್ಲಿ ಬಂದು ಬಸ್ಸು ಹಿಡಿಯುತ್ತೇವೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಇದನ್ನು ಮಾವನವರು ನಿಮಗೆ ಗಟ್ಟಿಯಾಗಿ ಓದಿ ಹೇಳಲಿ, ಜಗಲಿಯಲ್ಲಿ ಅಂಚೆಯವನು ಕೇಳಿಸಿಕೊಂಡರೂ ಸರಿ: ತಪ್ಪು ನನ್ನದು.

ಪಾಪು ಎದ್ದ.

ಜಿನಮತಿ