ಚರಿಗೆ ಕೆಳಗಿಡಿಸಿದ ಮಾತು

ಬಾಗಲಕೋಟೆ,
ಫೆಬ್ರವರಿ ೩೦, ೨೧೬೪

ಹೆಸರು ತಿಳಿಯದ ಸಿಸ್ಟರ್ ಅವರಿಗೆ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನೀವು ನನ್ನನ್ನು ಕಂಡಿಲ್ಲ, ಕಾಣುವುದೂ ಇಲ್ಲ. ನಾನು ಹುಟ್ಟುವ ಹೊತ್ತಿಗೆ ನೀವು ತೀರಿಹೋಗಿ ಬಹಳ ವರ್ಷಗಳಾಗಿರುತ್ತವೆ. ಮೂರನೇ ಸಾಲಿನಲ್ಲೇ ಇಂಥ ಮಾತು ಬರೆದದ್ದಕ್ಕೆ ಮತ್ತೊಂದು ಸಾರಿ. ಮೇಲಿನ ತಾರೀಖು ನೋಡಿ ಯಾರೋ ಹುಚ್ಚಿ ಎಂದು ಪತ್ರ ಮಡಚಿಡಬೇಡಿ. ಬಿಸಿಲು ಏರಿ ಮೇ ತಿಂಗಳಲ್ಲಿ ಯಾರೂ ಕೆಲಸ ಮಾಡಲಾಗದೆ ಹೋದಾಗ, ನಮ್ಮ ಹಿರಿಯರು ಮೇ ತಿಂಗಳ ಕೆಲವು ದಿನಗಳನ್ನು ಕಿತ್ತು ಫೆಬ್ರವರಿಗೆ ಹೊಲಿದರು. ಬಿಸಿಲು ಮಾತ್ರ ಹಳೆಯ ಲೆಕ್ಕದಂತೆಯೇ ಬರುತ್ತಿದೆ.

ನನ್ನ ಹೆಸರು ರೂತ್ ಹಂಚಿನಮನಿ. ಇಲ್ಲಿಯ ಶುಶ್ರೂಷಾ ಕಾಲೇಜಿನಲ್ಲಿ ಫಸ್ಟ್ ಇಯರ್. ಆರನೆಯ ವಯಸ್ಸಿನಿಂದ, ಶಾಲೆಗೂ ಕಾಲೇಜಿಗೂ ಒಂದೇ ಆದ ಇಲ್ಲಿಯ ಹಾಸ್ಟೆಲಿನಲ್ಲೇ ಬೆಳೆದವಳು. ಹಾಗಾಗಿ ನನ್ನ ಭಾಷೆ ಅರ್ಧ ಇಂಗ್ಲಿಷು, ಇನ್ನರ್ಧ ಹಾಸ್ಟೆಲಿನ ಅಡುಗೆಯವಳಾದ ತಂಗೆವ್ವನದು. ನಿಮಗೆ ಬರೆಯುವಷ್ಟು ಒಳ್ಳೆಯ ಕನ್ನಡ ನನ್ನಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಹಿಂದಿನ ಕಾಲದವರಿಗೆ ಬರೆಯುವ ಈ ಬಗೆಯ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಫಸ್ಟ್ ಇಯರಿನ ಪ್ರತಿಯೊಬ್ಬರಿಗೂ ಒಂದೇ ಒಂದು ಹಿಂದೋಲೆಯ ಅವಕಾಶ. ವಿಳಾಸಕ್ಕೆ ಹೆಸರು ಬೇಕಿಲ್ಲ, ಒಂದು ದನಿ ಇದ್ದರೆ ಸಾಕು. ಆ ದನಿಯ ಹಿಂದೆ ಹೋಗಿ ಪತ್ರ ತಲುಪುತ್ತದೆ. ನನ್ನ ಜೊತೆಯವರು ಮಾವಿನಹಣ್ಣಿನ ರುಚಿ ಹೇಗಿತ್ತು, ಸಮುದ್ರದಲ್ಲಿ ಈಜಬಹುದಿತ್ತೇ ಎಂದೆಲ್ಲ ಕೇಳಿ ಮುಗಿಸಿದರು. ನಾನು ನನ್ನದನ್ನು ಎತ್ತಿಟ್ಟುಕೊಂಡಿದ್ದೆ. ಇಂಥದ್ದಕ್ಕೆ ಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ನಮ್ಮಲ್ಲಿ ಎಲ್ಲರೂ ಎಡಗೈಗೆ ಕಾವಲುಬಳೆ ಹಾಕಿಕೊಳ್ಳುತ್ತೇವೆ. ರಕ್ತದ ಓಟ, ನಾಡಿ, ನರಗಳ ಮಿಡಿತ ಎಲ್ಲವನ್ನೂ ಅದು ಓದುತ್ತದೆ. ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು. ಕೆಂಪಾದ ಕೂಡಲೇ ಆರೈಕೆಮನೆಯಿಂದ ಹಾರುಮಂಚ ತಾನೇ ಇಳಿದು ಬರುತ್ತದೆ. ಆರೈಕೆಮನೆ ಎಂದರೆ ನಿಮ್ಮ ಆಸ್ಪತ್ರೆ. ನಿಮ್ಮ ಕಾಲದಲ್ಲಿ ಸ್ಟ್ರೋಕ್ ಆದವರು ಮೂರು ಬಸ್ಸು ಬದಲಿಸಿ ಬಂದು, ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತು ಹೊತ್ತು ಕಳೆದುಕೊಳ್ಳುತ್ತಿದ್ದರಂತೆ. ಅದನ್ನು ಪಾಠದಲ್ಲಿ ಓದಿ ನಾವು ನಗುತ್ತೇವೆ. ಸಿಸ್ಟರ್, ನಗುವುದಕ್ಕೆ ನಮಗೆ ಯಾವ ಹಕ್ಕೂ ಇಲ್ಲ. ಬಳೆ ಬಂದ ಮೇಲೆ ರೋಗದ ಗುರುತುಗಳನ್ನು ಜನರಿಗೆ ಹೇಳಿಕೊಡುವುದನ್ನು ನಿಲ್ಲಿಸಿದರು. ನಂತರ ಆರೈಕೆಮನೆಯ ಕೆಲಸದವರಿಗೆ ಹೇಳಿಕೊಡುವುದನ್ನೂ ನಿಲ್ಲಿಸಿದರು. ಬಳೆಗೆ ಗೊತ್ತಿರುವಾಗ ಮನುಷ್ಯರಿಗೇಕೆ ಗೊತ್ತಿರಬೇಕು ಎಂಬುದು ಆಗಿನ ವಾದ. ಉಳಿದದ್ದು ಗೋಡೆ ಮಾತ್ರ. ನಮ್ಮ ಮೆಸ್ಸಿನ ಗೋಡೆಯ ಮೇಲೂ ಒಂದು ಸ್ಕ್ರೀನ್ ಇದೆ. ಅದರೊಳಗೆ ಒಬ್ಬ ಗಂಡಸಿನ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಎತ್ತಿದ ಕೈ ಜಾರುತ್ತದೆ, ಮಾತು ತೊದಲುತ್ತದೆ. ಮತ್ತೆ ಮೊದಲಿನಿಂದ ಬಾಯಿ ಸೊಟ್ಟಗಾಗುತ್ತದೆ. ಹಗಲೂ ರಾತ್ರಿ ಆ ಮನುಷ್ಯನಿಗೆ ಪಾರ್ಶ್ವವಾಯು ಬಡಿಯುತ್ತಲೇ ಇರುತ್ತದೆ. ಅವನ ಕೆಳಗೆ ಉಳ್ಳಾಗಡ್ಡಿಯ ಚೀಲಗಳನ್ನು ಒಟ್ಟಿರುತ್ತಾರೆ.

ತಂಗೆವ್ವ ಬಿದ್ದದ್ದು ಆ ಚೀಲಗಳ ಪಕ್ಕದಲ್ಲೇ.

ಅವಳ ಬಗ್ಗೆ ಹೇಳದಿದ್ದರೆ ಉಳಿದದ್ದು ನಿಮಗೆ ತಿಳಿಯುವುದಿಲ್ಲ. ರೊಟ್ಟಿ ಬಡಿಯುವ ಯಂತ್ರ ನಮ್ಮ ಮೆಸ್ಸಿಗೆ ಬಂದು ಎಷ್ಟೋ ವರ್ಷವಾಯಿತು. ತಂಗೆವ್ವ ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಕೈಯಲ್ಲೇ ಬಡಿಯುತ್ತಿದ್ದಳು. ಹೊಸದಾಗಿ ಬಂದ ಹುಡುಗಿಯೊಬ್ಬಳು ಅತ್ತರೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟು, ಏನೂ ಕೇಳದೆ ಹೋಗುವಳು. ನಾನು ಬಂದ ಮೊದಲ ದಿನ ರೊಟ್ಟಿಯನ್ನು ಬ್ರೆಡ್ ಎಂದೆನಂತೆ. "ಏ ಇಂಗ್ಲಿಷ್ ಗಿಣಿ, ಇದು ಬ್ರೆಡ್ ಅಲ್ಲ ಯವ್ವಾ, ರೊಟ್ಟಿ. ಮುರದು ತಿನ್ನು, ಅಂದ್ರ ನಾಲಿಗಿ ತಿರಗತೈತಿ," ಎಂದಿದ್ದಳು. ಆ ಹೆಸರು ಹನ್ನೆರಡು ವರ್ಷ ನನ್ನ ಬೆನ್ನಿಗಿತ್ತು. ಅವಳದು ಒಂದೇ ರೂಢಿ: ಹಿಟ್ಟು ನಾದುವಾಗ ಕಾವಲುಬಳೆ ಬಿಚ್ಚಿ ಒಲೆಯ ಪಕ್ಕದ ಮೊಳೆಗೆ ಸಿಗಿಸುವುದು. ಬಿಚ್ಚಿದ ಬಳೆ ಕೊನೆಗೆ ಓದಿದ್ದನ್ನೇ ನೆನಪಿಟ್ಟುಕೊಂಡು ಬಹಳ ಹೊತ್ತು ಹಸಿರಾಗಿರುತ್ತದೆ. ಮೆಸ್ಸಿನಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ, ಅವಳು ಬಿದ್ದಾಗ ಎಲ್ಲರೂ ಮೊದಲು ನೋಡಿದ್ದು ಮೊಳೆಯ ಕಡೆಗೆ. "ಏನೂ ಆಗಿಲ್ಲ ತಗೀರಿ, ಬಳಿ ಹಸರ ಐತಿ. ಬಿಸಲಿಗೆ ಚಕ್ಕರ್ ಬಂದೈತಿ," ಎಂದರು ಯಾರೋ.

ನಾನು ತಟ್ಟೆ ಬಿಟ್ಟು ಓಡಿದೆ. ಅವಳ ಬಾಯಿ ಎಡಕ್ಕೆ ಎಳೆದುಕೊಂಡಿತ್ತು, ಬಲಗೈ ಹಿಟ್ಟಿನೊಳಗೇ ಇತ್ತು. ಸ್ಟ್ರೋಕ್, ಹಾರುಮಂಚ ಕರೆಯಿರಿ ಎಂದು ಕೂಗಿದೆ. ಮೆಸ್ಸಿನ ಮೇಲ್ವಿಚಾರಣೆಯ ಸೀನಿಯರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು: "ಫಸ್ಟ್ ಇಯರ್ ಅದಿ, ಫಸ್ಟ್ ಇಯರ್‌ಗತೆ ಇರು. ಬಳಿ ಹಾಕ್ತೀವಿ, ಅದು ಹೇಳಲಿ." ಮೊಳೆಯಿಂದ ಬಳೆ ತಂದು ಅವಳ ಕೈಗೆ ಹಾಕಿದರು. ಬಿಚ್ಚಿ ಹಾಕಿದ ಬಳೆ ಮೈಯನ್ನು ಮತ್ತೆ ಗುರುತಿಸಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಪರಿಚಯದ ವೇಳೆ ಎನ್ನುತ್ತಾರೆ. ಕೈಯಿಂದಲೇ ಹಾರುಮಂಚ ಕರೆಯುವ ಗುಂಡಿ ಬಾಗಿಲ ಪಕ್ಕದಲ್ಲಿದೆ. ಬಳೆ ಕೆಂಪಾಗದೆ ಅದನ್ನು ಒತ್ತಿದವರಿಗೆ ಬೈಗುಳ ಬೀಳುತ್ತದೆ, ಆದ್ದರಿಂದ ಯಾರೂ ಒತ್ತುವುದಿಲ್ಲ. ನಾನು ಅದರ ಕಡೆ ಹೋದರೆ ಇಬ್ಬರು ಅಡ್ಡ ನಿಂತರು. "ತಡಿಯವಾ, ಬಳಿ ಆಕಿನ್ನ ಗುರ್ತ ಹಿಡೀಲಿ!" ಮೂವತ್ತು ವರ್ಷ ಅವಳ ಕೈಯಡುಗೆ ತಿಂದ ಮೆಸ್ಸು, ಒಂದು ಬಳೆ ಅವಳ ಗುರುತು ಹಿಡಿಯಲಿ ಎಂದು ಸುತ್ತ ನಿಂತು ಕಾಯಿತು, ಸಿಸ್ಟರ್. ಗೋಡೆಯ ಮೇಲೆ ಆ ಗಂಡಸಿನ ಬಾಯಿ ಸೊಟ್ಟಗಾಗುತ್ತಲೇ ಇತ್ತು. ಕಾಯುವಾಗ ಸುಮ್ಮನೆ ನಿಲ್ಲಲು ಯಾರ ಕೈಗೂ ಆಗುವುದಿಲ್ಲವಲ್ಲ. "ಒಂದ ಗುಟುಕ ನೀರ ಹಾಕ್ರಿ ಬಾಯಾಗ," ಎಂದಿತು ಒಂದು ದನಿ. ನೀರು ತುಂಬಿದ ಚರಿಗೆ ಬಂತು. ನೀರು ಅವಳ ಹೊಟ್ಟೆಗೆ ಹೋಗಲಿಲ್ಲ, ಉಸಿರಿನ ದಾರಿಗೆ ಹೋಯಿತು.

ಬಳೆ ಕೆಂಪಾಯಿತು, ಮಂಚ ಇಳಿಯಿತು, ಆರೈಕೆಮನೆಯಲ್ಲಿ ಮಿದುಳಿನ ಹೆಪ್ಪು ಕರಗಿಸಿದರು. ತಡವಾಗಿತ್ತು. ಬಲಗೈ ಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಅರ್ಧ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು; ಮುಗಿಯಲಿಲ್ಲ. ಅಲ್ಲಿ ಸಂಜೆಯಾಯಿತೆಂದರೆ ಪ್ರತಿ ಮಂಚಕ್ಕೂ ಚಹಾ ಬರುತ್ತದೆ. ಸ್ಟ್ರೋಕ್ ಆದವರನ್ನು ನೆಟ್ಟಗೆ ಕೂರಿಸಿ, ಒಂದು ಚಮಚ ನೀರು ಕೊಟ್ಟು, ಕೆಮ್ಮು ಬರುತ್ತದೆಯೇ, ದನಿ ಒದ್ದೆಯಾಗುತ್ತದೆಯೇ ಎಂದು ಕೇಳಿಸಿಕೊಂಡ ಮೇಲೆಯೇ ಬಾಯಿಗೆ ಏನಾದರೂ ಕೊಡಬೇಕು. ನಿಮಗೆ ಇದು ಅಂಗೈಯ ಗೆರೆಯಷ್ಟು ಪರಿಚಿತ, ನನಗೆ ಪುಸ್ತಕದ ಪಾಠ. ಆದರೆ ಆ ದಿನ ಪಾಳಿಯಲ್ಲಿದ್ದ ಆರೈಕೆಯವನಿಗೆ ಯಾರೂ ಕಲಿಸಿರಲಿಲ್ಲ. ಕೆಟ್ಟವನಲ್ಲ ಅವನು. ಚಹಾ ಆರಿಸಿ, ತಲೆ ಎತ್ತಿ ಹಿಡಿದು, "ಕುಡೀವಾ ಯವ್ವಾ, ಆರಾಮಾಗ್ತಿ," ಎಂದು ಪ್ರೀತಿಯಿಂದ ಕುಡಿಸಿದ. ಆ ಪ್ರೀತಿಗೆ ತಂಗೆವ್ವನ ಶ್ವಾಸಕೋಶ ಕೀವು ಕಟ್ಟಿತು.

ನಮ್ಮ ಟ್ಯೂಟರ್ ಪತ್ತಾರ ಸರ್ ಹತ್ತಿರ ಹೋಗಿ, ಪಾಳಿಯವರಿಗೆ ಕಲಿಸೋಣ, ಮನೆಯವರನ್ನು ಕೂರಿಸಿಕೊಂಡು ಹೇಳೋಣ ಎಂದೆ. ಅವರು ಸ್ಕ್ರೀನಿನಿಂದ ಕಣ್ಣೆತ್ತದೆ, "ಎಲ್ಲಾರ ಬಳಿಗೂ ಅಪ್‌ಡೇಟ್ ಹೋಗೇದಲ್ಲ, ರೂತ್. ತಿಳಿಸೀವಲ್ಲ," ಎಂದರು. ತಿಳಿಸುವುದೇ ಬೇರೆ, ಕಲಿಸುವುದೇ ಬೇರೆ ಸರ್ ಎಂದು ಹೇಳಬೇಕಿತ್ತು. ಹಾಸ್ಟೆಲಿನಲ್ಲಿ ಬೆಳೆದವರಿಗೆ ಸರಿಯಾದ ಮಾತು ಮೆಟ್ಟಿಲು ಇಳಿದ ಮೇಲೆಯೇ ಹೊಳೆಯುತ್ತದೆ.

ಶ್ವಾಸಕೋಶ ಈಗ ವಾಸಿಯಾಗಿದೆ. ಸೋಮವಾರ ಅವಳನ್ನು ಮನೆಗೆ ಕಳಿಸುತ್ತಾರೆ. ಮನೆ ಎಂದರೆ ಅವಳ ಅಕ್ಕ ಹೊಳೆವ್ವನ ಒಂದು ಕೋಣೆ. ಹೊಳೆವ್ವ ತಂಗಿಯನ್ನು ಬಿಟ್ಟು ಒಂದು ಗಳಿಗೆ ಇರುವುದಿಲ್ಲ. ಆರೈಕೆಮನೆಯಲ್ಲೂ ಮಂಚದ ಪಕ್ಕ ನೆಲದ ಮೇಲೆ ಮಲಗಿ, ಅವಳ ಕಾಲಿನ ಬೆರಳು ಹಿಡಿದುಕೊಂಡು ನಿದ್ದೆ ಮಾಡುತ್ತಾಳೆ. ಅವಳ ಚೀಲದಲ್ಲಿ ಮಜ್ಜಿಗೆಯ ಬಾಟಲಿ ಇದೆ, ನಾನು ನೋಡಿದ್ದೇನೆ. ಬರಿ ನೀರು, ಮಜ್ಜಿಗೆ, ಚಹಾ ಉಸಿರಿನ ದಾರಿಗೆ ಜಾರುತ್ತವೆ, ಕೊಡಬಾರದು, ನೀರನ್ನು ಮಂದ ಮಾಡುವ ಗಟ್ಟಿಪುಡಿ ಕಲಸಿ ಅಂಬಲಿಯ ಹದಕ್ಕೆ ತಂದು, ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಚಮಚದಲ್ಲಿ ಕೊಡಬೇಕು ಎಂದೆ. ಗಂಟಲಿನ ಚಿತ್ರ ತೋರಿಸಿದೆ. ಅವಳು ಚಿತ್ರವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಸಾಯೋರ ಬಾಯಾಗೂ ನೀರ ಬಿಡ್ತಾರ. ಬದುಕಿದಾಕಿಗೆ ಬ್ಯಾಡಂತೀಯಲ್ಲ, ಯಾವ ಸಾಲ್ಯಾಗ ಕಲಿಸ್ಯಾರ ನಿನಗ ಇದನ್ನ?" ನಾನು ಪುಡಿ ಕಲಸಿದ ನೀರು ತೋರಿಸಿದೆ. ಬೆರಳದ್ದಿ ನೋಡಿ, "ಈ ಗೋಂದು ನಾನ ಕುಡಿಯಂಗಿಲ್ಲ, ನನ್ನ ತಂಗಿಗೆ ಕುಡಸ್ಲೇನು? ಆಕಿ ಕೈಯಾಗ ತಿಂದು ದೊಡ್ಡಾಕ್ಯಾಗಿ, ಈಗ ಆಕಿ ಬಾಯಿಗೆ ಬೀಗ ಹಾಕಾಕ ಬಂದೀಯೇನ?" ಎಂದಳು. ಪಕ್ಕದ ಮಂಚದವರೂ ನನ್ನ ಕಡೆ ಹಾಗೆಯೇ ನೋಡಿದರು. ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದರಿಂದ ಏನೂ ಆಗಲಿಲ್ಲ.

ಈಗ ನಿಮ್ಮ ವಿಷಯ. ಭಾಷಾಚರಿತ್ರೆಯ ಪಿರಿಯಡ್ಡಿನಲ್ಲಿ ನಮಗೆ ಒಂದು ಹಳೆಯ ಧ್ವನಿಮುದ್ರಣ ಕೇಳಿಸುತ್ತಾರೆ. ಈ ಊರಿನ ಯಾವುದೋ ವಾರ್ಡಿನಲ್ಲಿ ಯಾರೋ ಫೋನಿನಲ್ಲಿ ಹಿಡಿದದ್ದು. ಫ್ಯಾನಿನ ಸದ್ದು, ಒಂದು ಕೂಸಿನ ಅಳು, ಯಾರೋ "ಸಿಸ್ಟರ" ಎಂದು ಕರೆದದ್ದು, ಆಮೇಲೆ ನಿಮ್ಮ ದನಿ: "ಏ ಯಜಮಾನ್ರ, ಆ ಚರಿಗಿ ಕೆಳಗಿಡ್ರಿ ಮೊದಲ. ಲಕ್ವಾ ಹೊಡದ ಮನಷ್ಯಾಗ ನೀರ ಕುಡಸೂಕಿಂತ ಮುಂಚೆ ನಾ ಒಂದ ಮಾತ ಕೇಳ್ತೀನಿ. ಅದಕ್ಕ ಉತ್ತರಾ ಕೊಡ್ರಿ, ಆಮ್ಯಾಲೆ ಬೇಕಾದ್ರ ಇಡೀ ಹೊಳೀನ ಕುಡಸ್ರಿ." ಆಗ ಊಟದ ಗಾಡಿಯೊಂದು ಗಡಗಡ ಎಂದು ಹಾದುಹೋಗುತ್ತದೆ. ನೀವು ಕೇಳಿದ ಮಾತು ಆ ಸದ್ದಿನಡಿ ಸಿಕ್ಕಿ ಅಳಿಸಿಹೋಗಿದೆ. ಗಾಡಿ ದಾಟಿದ ಮೇಲೆ ಇಡೀ ವಾರ್ಡು ನಗುತ್ತಿರುತ್ತದೆ. ಆ ಯಜಮಾನನೂ ನಗುತ್ತಿರುತ್ತಾನೆ. ನಗುವಿನ ನಡುವೆ ಚರಿಗೆಯನ್ನು ನೆಲಕ್ಕಿಟ್ಟ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಅಲ್ಲಿಗೆ ಮುದ್ರಣ ಮುಗಿಯುತ್ತದೆ. ನಿಮ್ಮ ಕ್ರಿಯಾಪದಗಳಿಗಾಗಿ ನಮಗೆ ಅದನ್ನು ಕೇಳಿಸುತ್ತಾರೆ. ಪ್ರತಿ ವರ್ಷ ಅರವತ್ತು ಮಂದಿ 'ಕುಡಸೂಕಿಂತ' ಎಂಬ ಪದವನ್ನು ಬಿಡಿಸಿ ಬರೆಯುತ್ತಾರೆ. ನೀವು ಏಕೆ ಕುಡಿಸಬೇಡಿ ಎನ್ನುತ್ತಿದ್ದಿರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ನನಗೆ ಗಂಟಲಿನ ಚಿತ್ರ ಬೇಡ, ಸಿಸ್ಟರ್. ಅದು ನಮ್ಮಲ್ಲಿ ಬೇಕಾದಷ್ಟಿದೆ. ನಿಮಗೆ ಬಳೆ ಇರಲಿಲ್ಲ, ಹಾರುಮಂಚ ಇರಲಿಲ್ಲ, ಬಹುಶಃ ಕೂರಲು ಕುರ್ಚಿಯೂ ಇರಲಿಲ್ಲ. ಆದರೂ ಪ್ರೀತಿಯಿಂದ ಎತ್ತಿದ ಚರಿಗೆಯನ್ನು, ಎತ್ತಿದವನಿಗೆ ಅವಮಾನವಾಗದ ಹಾಗೆ ಕೆಳಗಿಡಿಸುವ ಒಂದು ಮಾತು ನಿಮ್ಮ ಬಳಿ ಇತ್ತು. ನೀವು ಅದನ್ನು ದಿನಕ್ಕೆ ಹತ್ತು ಸಲ ಆಡಿರಬೇಕು, ಆಡಿ ಮರೆತಿರಬೇಕು. ಇಷ್ಟೆಲ್ಲ ಉಳಿಸಿಕೊಂಡ ನಾವು ಅದೊಂದನ್ನು ಉಳಿಸಿಕೊಳ್ಳಲಿಲ್ಲ.

ನಿನ್ನೆ ಹೊಳೆವ್ವ ಸ್ನಾನಕ್ಕೆ ಹೋದಾಗ ನಾನು ತಂಗೆವ್ವನ ಪಕ್ಕದಲ್ಲಿದ್ದೆ. ಅವಳು ಎಡಗೈ ಎತ್ತಿ ಕಿಟಕಿಯಲ್ಲಿದ್ದ ಚರಿಗೆಯನ್ನು ತೋರಿಸಿದಳು. ನಾನು ಗಟ್ಟಿನೀರಿನ ಚಮಚ ಹಿಡಿದೆ, ಮುಖ ತಿರುಗಿಸಿದಳು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಮತ್ತೆ ಚರಿಗೆಯನ್ನೇ ತೋರಿಸಿದಳು. ಆಗುವುದಿಲ್ಲ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಅತ್ತ ಹುಡುಗಿಗೆ ಏನೂ ಕೇಳದೆ ರೊಟ್ಟಿ ಕೊಟ್ಟವಳು ಕೇಳಿದ ಒಂದು ಗುಟುಕು ನೀರನ್ನು ನಾನು ಇಲ್ಲವೆಂದೆ. ಏಕೆ ಎಂದು ಅವಳಿಗೆ ಹೇಳುವ ಮಾತೂ ನನ್ನಲ್ಲಿರಲಿಲ್ಲ, ಏಕೆಂದರೆ ಅಂಥ ಮಾತುಗಳನ್ನೆಲ್ಲ ನನಗೆ ಕಲಿಸುತ್ತಿದ್ದವಳು ಅವಳೇ, ಅವಳ ಮಾತೇ ಈಗ ಹೋಗಿದೆ. ಬಾಗಿಲಲ್ಲಿ ಹೊಳೆವ್ವ ನಿಂತು ನೋಡುತ್ತಿದ್ದಳು. ಒಳಗೆ ಬಂದು ಮಜ್ಜಿಗೆಯ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಸೋಮವಾರ ಬೆಳಿಗ್ಗೆ ಅವರು ಹೋಗುತ್ತಾರೆ. ಆ ಕೋಣೆಯಲ್ಲಿ ನಾನಿರುವುದಿಲ್ಲ; ಹೊಳೆವ್ವ ಇರುತ್ತಾಳೆ, ಮಜ್ಜಿಗೆ ಇರುತ್ತದೆ. ಹಿಂದೋಲೆಯ ದಾರಿಯೂ ಅಲ್ಲಿಯವರೆಗೆ ಮಾತ್ರ ತೆರೆದಿರುತ್ತದೆ, ಆಮೇಲೆ ನೀವು ಬರೆದದ್ದು ನನಗೆ ತಲುಪುವುದಿಲ್ಲ. ಊಟದ ಗಾಡಿ ಹಾದುಹೋಗುವಾಗ ನೀವು ಆ ಯಜಮಾನನನ್ನು ಏನು ಕೇಳಿದಿರಿ? ನೆನಪಿದ್ದಷ್ಟೇ ಸಾಕು, ನಿಮ್ಮ ಮಾತಿನಲ್ಲೇ ಬರೆಯಿರಿ, ತಿದ್ದಲು ಕೂರಬೇಡಿ. ದಯವಿಟ್ಟು ಬೇಗ ಉತ್ತರ ಕೊಡಿ.

ರೂತ್