ಯೋರಿಟ್ ಹೊಡೆದ ಔಷಧಿ

ಗ್ರೋನಿಂಗೆನ್, ಮಾರ್ಚ್ ೯, ಭಾನುವಾರ

ನನ್ನ ಊಸರವಳ್ಳಿಗೆಂದು ಚಳಿಗಾಲವಿಡೀ ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು ಹಾಸಿ, ಬಳ್ಳಿ ಹಬ್ಬಿಸಿದ್ದೆ. ಅದರ ಹಿಕ್ಕೆ, ಕೊಳೆತ ಎಲೆ ತಿಂದು ಮಣ್ಣು ಚೊಕ್ಕಟವಾಗಿಡಲಿ ಅಂತ ಹುಳಗಳನ್ನೂ ಬಿಟ್ಟಿದ್ದೆ. ನಾಳೆ ಊಸರವಳ್ಳಿಯನ್ನು ಈ ಹೊಸ ಮನೆಗೆ ಬಿಡಬೇಕಿತ್ತು. ಅಷ್ಟರಲ್ಲಿ ಗಂಡ ಯೋರಿಟ್ ಮಹಾರಾಯ ಅದಕ್ಕೆ ವಿಷ ಹೊಡೆದಿದ್ದಾನೆ!

"ಮಣ್ಣಲ್ಲಿ ಹುಳ ಬಿದ್ದಿತ್ತು ಕಣೇ, ಪಾಪ ಅಂತ ನಾನೇ ಔಷಧಿ ಹೊಡೆದೆ," ಅಂದ, ಬ್ರೆಡ್ ಮೇಲೆ ಚಾಕೊಲೇಟ್ ಕಾಳು ಉದುರಿಸುತ್ತಾ.

"ಅವನ್ನ ಬಿಟ್ಟಿದ್ದೇ ನಾನು! ದಿನಾ ಊಟಕ್ಕೆ ಕೂತಾಗ ಹೇಳ್ತಿದ್ನಲ್ಲೋ!"

"ಹೌದಾ? ಯಾವಾಗ?"

ಮೈಯೆಲ್ಲ ಉರಿದುಹೋಯಿತು. ಇನ್ನು ಅಷ್ಟೂ ಮಣ್ಣು ಕಸಕ್ಕೆ. ಪೆಟ್ಟಿಗೆಯಲ್ಲಿಟ್ಟಿದ್ದ ತೊಗಟೆಯಡಿ ಬದುಕುಳಿದಿದ್ದ ನಾಲ್ಕು ಹುಳಗಳನ್ನು ಅವನ ಕಾಫಿ ಲೋಟದಲ್ಲೇ ಬಿಟ್ಟಿದ್ದೇನೆ. ಬೆಳಿಗ್ಗೆ "ಲೋಟಕ್ಕೆ ಹುಳ ಹಾಕಿದ್ದೀಯಾ!" ಅಂತ ಕಿರುಚಲಿ.

ನಾನೂ ಕೇಳ್ತೀನಿ, "ಹೌದಾ? ಯಾವಾಗ?"